ಗಾಜಿನದೋ ಕಣ್ಣಿನದೋ

ಮಾರ್ಚ್ ೧೭, ಭಾನುವಾರ

ನನ್ನ ಜಗಳಗಂಟಿ ಗೆಳತಿಗೆ,

ನಾನು ಕ್ಷೇಮ, ಈ ಸಲ ಆ ಮಾತು ಸುಮ್ಮನೆ ಬರೆದದ್ದಲ್ಲ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ. ಬೈಯಬೇಕೆನಿಸಿದರೆ ಕಾರಣ ಕೇಳಿದ ಮೇಲೆ ಬೈದುಕೋ. ನನ್ನ ಬಲಗಣ್ಣೂ ಲೇಸರಿಗೆ ಹೋದ ನಿನ್ನ ಕಣ್ಣಿನ ದಾರಿ ಹಿಡಿಯಿತೆಂದು ಒಂದು ತಿಂಗಳು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ.

ಆದದ್ದು ಇಷ್ಟು. ಲೇಸರ್ ಮೇಜಿನ ಕೆಳಗೆ ಬಿದ್ದ ತಿರುಪು ಹುಡುಕಲು ಒಂದು ಗಳಿಗೆ ಕಿರಣ ತಡೆಯುವ ಕನ್ನಡಕ ಹಣೆಗೇರಿಸಿದೆ. ನಮ್ಮ ಕಿರಣ ಕಣ್ಣಿಗೆ ಕಾಣುವಂಥದ್ದಲ್ಲ, ಸುಟ್ಟರೂ ಆಗಲೇ ತಿಳಿಯುವುದಿಲ್ಲ, ನಿನಗೆ ಹೇಳಬೇಕೇ? ಮರುದಿನ ಯಿಟರ್ಬಿಯಂ ಬೆರೆಸಿದ ಗಾಜಿಗೆ ಕಿರಣ ಬಿಟ್ಟು ದೀಪ ಆರಿಸಿದರೆ, ನಡುವೆ ಮಸುಕಾದ ನೀಲಿ ಗೆರೆ. ಯಿಟರ್ಬಿಯಂ ಅಯಾನು ಕಾಣದ ಬೆಳಕನ್ನು ನುಂಗಿ ಕಾಣದ ಬೆಳಕನ್ನೇ ಉಗುಳುತ್ತದೆ. ನೀಲಿ ಕೊಡುವ ತಾಕತ್ತು ಒಂಟಿ ಅಯಾನಿಗಿಲ್ಲ. ಹಾಗಾದರೆ ಗೆರೆ ಇರುವುದು ನನ್ನ ಕಣ್ಣಲ್ಲೇ ಎಂದುಕೊಂಡೆ. ಅಳೆದು ನೋಡಲೂ ಧೈರ್ಯ ಬರಲಿಲ್ಲ. ಉಪಕರಣಕ್ಕೆ ಅದು ಕಾಣದೇ ಹೋದರೆ?

ಮೊನ್ನೆ ಗಾಜು ಕರಗಿಸುವ ಕುಲುಮೆ ಮಾಮ ಹೊಸ ತುಂಡು ಕೊಡಲು ಬಂದರು. ಕನ್ನಡಕ ಹಾಕಿಕೊಂಡು ಕತ್ತಲಲ್ಲಿ ಇಣುಕಿ, "ಇದೇನಮ್ಮ, ನನ್ನ ಗಾಜು ನೀಲಿ ಹೊಡೀತಿದೆ? ಮೂಸೆ ಚೆನ್ನಾಗೇ ತೊಳೆದಿದ್ನಲ್ಲ" ಎಂದರು.

"ನಿಮಗೂ ಕಾಣ್ತಿದ್ಯಾ ಮಾಮ?"

"ಕಾಣದೆ ಏನು, ನನಗೇನು ಕಣ್ಣು ಹೋಗಿದ್ಯಾ?"

ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಪಾಪ, ಗಾಜು ಕೆಟ್ಟಿತೆಂದು ಅಳುತ್ತಿದ್ದೇನೆ ಅಂದುಕೊಂಡು, "ಹೋಗ್ಲಿ ಬಿಡಮ್ಮ, ಇನ್ನೊಂದು ಕರಗಿಸಿ ಕೊಡ್ತೀನಿ" ಎಂದು ಮಾಮ ಸಮಾಧಾನ ಮಾಡಿದರು.

ಮೂಸೆಯ ಕೊಳೆಯೂ ಅಲ್ಲ ಅದು. ಅಕ್ಕಪಕ್ಕದ ಎರಡು ಅಯಾನುಗಳು ತಮ್ಮ ತಮ್ಮ ಪಾಲು ಕೂಡಿಸಿ ಒಂದೇ ನೀಲಿ ಬೆಳಕಿನ ಕಣವಾಗಿ ಬಿಡುತ್ತಿದ್ದವು. ಕಿರಣ ನಿಲ್ಲಿಸಿ ಅಳೆದೆವು. ಕಾಣದ ಬೆಳಕು ಆರುವ ಹೊತ್ತಿನ ಅರ್ಧಕ್ಕೇ ನೀಲಿ ಆರುತ್ತದೆ. ಜೋಡಿಯಲ್ಲಿ ಒಂದು ಸೋತರೂ ನೀಲಿ ಇಲ್ಲ, ಅದಕ್ಕೇ. ಕಣ್ಣಿನ ಡಾಕ್ಟರೂ ದೀಪ ಹಿಡಿದು ನೋಡಿ, "ಏನೂ ಆಗಿಲ್ಲ, ಆರಾಮಾಗಿರಿ" ಎಂದರು. ಹೋದ ಜೀವ ಬಂದಂತಾಯಿತು. ನಿನ್ನೆ ಮಧ್ಯಾಹ್ನ ಉಂಡು ಕುಂಭಕರ್ಣನ ಹಾಗೆ ಮಲಗಿದೆ.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ನಿನಗೂ ಇರಲಿ, ಆರು ತಿಂಗಳಿಗಾದರೂ ದೊಡ್ಡವಳಲ್ಲವೇ ನಾನು.

ನೀನೇ ಹೆಸರಿಟ್ಟ,
ಪುಕ್ಕಲಿ

ಮತ್ತೊಂದು ಮಾತು: ನಿನ್ನ ಕಣ್ಣು ಹೋದ ದಿನ ಕಿರಣ ಬಿಟ್ಟವಳು ನಾನು. ಬಿಡುವ ಮೊದಲು ಕೂಗಿ ಎಚ್ಚರಿಸಿದ್ದೆ ಎಂದು ವಿಚಾರಣೆಯಲ್ಲಿ ಹೇಳಿದೆ. ನೀನು, "ಕೂಗಿರ್ತಾಳೆ, ನಾನೇ ಮಾತಿನ ಭರದಲ್ಲಿ ಕೇಳಿಸ್ಕೊಂಡಿಲ್ಲ" ಎಂದು ತಪ್ಪನ್ನೆಲ್ಲ ಮೈಮೇಲೆ ಹಾಕಿಕೊಂಡು ಕೆಲಸ ಬಿಟ್ಟು ಹೋದೆ. ನಾಳೆ ಮುಖ್ಯಸ್ಥರ ಮುಂದೆಯೂ ಹೇಳುತ್ತೇನೆ. ನಾನು ಕೂಗಿರಲಿಲ್ಲ ಕಣೇ.