ಶನಿಗೆ ಮುಚ್ಚಿದ ಟೋಪಿ

ಅಪ್ಪಾ,

ಕಾಗದ ಕಳಿಸಲು ನಿಮಗೀಗ ವಿಳಾಸವಿಲ್ಲ. ಆದರೂ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ.

ಇಂದು ಸಂಜೆ ಗ್ರಂಥಾಲಯದ ಮುಂದೆ ಟೆಲಿಸ್ಕೋಪ್ ಇಟ್ಟು ಬಂದವರಿಗೆಲ್ಲ ಶನಿಗ್ರಹ ತೋರಿಸುತ್ತಿದ್ದೆ. ನಿವೃತ್ತ ಮೇಷ್ಟ್ರೊಬ್ಬರು ಇಣುಕಿ ನೋಡಿ, ಥೇಟ್ ನಿಮ್ಮ ಮಾತನ್ನೇ ಆಡಿದರು: "ಒಳಗೆ ಫೋಟೋ ಅಂಟಿಸಿದ್ದೀಯಮ್ಮ. ನನ್ನ ಕಿವಿಗೆ ಹೂ ಇಡಬೇಡ."

"ಕೊಳವೆ ಬಾಯಿಗೆ ನಿಮ್ಮ ಟೋಪಿ ಮುಚ್ಚಿ ನೋಡಿ, ಮೇಷ್ಟ್ರೇ," ಎಂದೆ.

ಮುಚ್ಚಿದರೆ ಶನಿ ಮಾಯ, ತೆಗೆದರೆ ಹಾಜರು. ಐದು ಸಲ ಪರೀಕ್ಷಿಸಿದರು. ಆಮೇಲೆ ಮನೆಗೆ ಹೋಗಲೇ ಇಲ್ಲ. "ಫೋಟೋ ಅಲ್ಲ, ನಾನೇ ಪರೀಕ್ಷೆ ಮಾಡಿದ್ದೀನಿ," ಎಂದು ಸಾಲಿನಲ್ಲಿದ್ದವರನ್ನೆಲ್ಲ ಗದರುತ್ತಿದ್ದರು. ಪಾಪ, ಅವರು ಯಾರೂ ಅನುಮಾನಪಟ್ಟಿರಲೇ ಇಲ್ಲ.

ಅಂದು ನೀವು ಇದರಲ್ಲೇ ಶನಿಯನ್ನು ನೋಡಿ ಫೋಟೋ ಎಂದಾಗ ನಾನು ಮುಖ ಊದಿಸಿಕೊಂಡು ಟೆಲಿಸ್ಕೋಪನ್ನು ಒಳಗಿಟ್ಟುಬಿಟ್ಟೆ.

ನಿಮ್ಮ ತಲೆಯ ಮೇಲೂ ಟೋಪಿ ಇತ್ತು.