ಭೂಮಧ್ಯರೇಖೆ ಆಚೆಯ ಬಾಗಿಲು

ಸುಲ್ತಾನ್‌ಪೇಟೆ, ಬೆಂಗಳೂರು
14 ಜುಲೈ 2025, ಸೋಮವಾರ

ಪ್ರೀತಿಯ ಪ್ರತಿಭಕ್ಕಾ,

ವಾಯ್ಸ್ ನೋಟಿಗೂ ಊರು, ತಾರೀಕು ಹೇಳ್ತಾನಲ್ಲ ಅಂತ ನಗಬೇಡ. ಅಪ್ಪ ಕಾಗದ ಬರೆಯೋಕೆ ಕೂತ್ರೆ ಮೊದಲು ಬಲಗಡೆ ಮೂಲೇಲಿ ಅದನ್ನೇ ಬರೀತಿದ್ರು, ನನಗೂ ಅದೇ ಅಭ್ಯಾಸ. ಹೇಗಿದೀಯ? ಮಂಡಿ ಹೇಗಿದೆ? ನಿನ್ನ ಮೈದುನನ ಮಗ ಅಭಿನಂದನ್ ಕೈಲಿ ಕಳಿಸಿದ್ದ ಎಣ್ಣೆ ಹಚ್ಕೋತಿದೀಯೋ, ಇಲ್ಲ ಮುಚ್ಚಳಾನೂ ತೆಗೀದೆ ಇಟ್ಟಿದೀಯೋ? ಊಟ ಏನು ಮಾಡ್ತಿದೀಯ? ಅನ್ನ ಸಾರು ಮಾಡ್ಕೋತೀನಿ ಅಂತ ಹೇಳ್ತೀಯ, ಆದರೆ ಮೊನ್ನೆ ವಿಡಿಯೋದಲ್ಲಿ ನಿನ್ನ ಹಿಂದೆ ಒಲೆ ಮೇಲೆ ಪಾತ್ರೆನೇ ಇರ್ಲಿಲ್ಲ. ಭಾವ ಹೋಗಿ ಇವತ್ತಿಗೆ ಮೂವತ್ತಾರು ದಿನ. ಕಾರ್ಯಕ್ಕೆ ಬಂದಿದ್ದ ಅಭಿನಂದನ್ ಅಸ್ಥಿ ತಗೊಂಡು ಹೊರಟಾಗಿಂದ ಬಾಲಿಯಂಥ ದೂರದ ಊರಲ್ಲಿ, ಆ ಮನೇಲಿ ನೀನೊಬ್ಬಳೇ.

ಇಲ್ಲಿ ಆಷಾಢ. ಲಗ್ನಪತ್ರಿಕೆ ಅಂಗಡಿಗೆ ಆಷಾಢ ಅಂದ್ರೆ ನಿನಗೇ ಗೊತ್ತಲ್ಲ, ಬೀದಿ ಪೂರ್ತಿ ಆಕಳಿಸ್ತಾ ಕೂತಿರುತ್ತೆ. ಬೆಳಗ್ಗೆಯಿಂದ ಒಬ್ಬನೇ ಗಿರಾಕಿ, ಶ್ರಾವಣದ ಗೃಹಪ್ರವೇಶದ ಕಾರ್ಡಿಗೆ. ಪ್ರೂಫ್ ಕೈಗೆ ಕೊಟ್ಟು, ಬೆರಳಿಟ್ಟು ಜೋರಾಗಿ ಓದಿ ಸಾರ್ ಅಂದೆ. ಇಪ್ಪತ್ತೇಳು ವರ್ಷದಿಂದ ನಮ್ಮಂಗ್ಡಿ ರೂಲ್ಸು ಅದು. ಓದಿ ಸೈನ್ ಹಾಕಿದ ಮೇಲೆ ತಪ್ಪೇನಿದ್ರೂ ಗಿರಾಕೀದು, ನಮ್ಮದಲ್ಲ. ಆತ ಓದ್ತಾ ಇದ್ರೆ ನನಗೆ ಆ ಬಾಲಿ ಮನೆ ಪ್ಲಾನ್ ಮೇಲೆ ನೀನು ಹಾಕಿದ ಸೈನ್ ನೆನಪಾಗ್ತಿತ್ತು. ಆತ ಹೋದ್ಮೇಲೆ ಅರ್ಧ ಶಟರ್ ಎಳೆದು ಕೂತಿದೀನಿ.

ನೀನು ಕೇಳಿದ್ದನ್ನ ಮರೆತಿಲ್ಲ. ಮನೆ ಕಟ್ಟಿದ ಕೆತುತ್ ಮೇಲೆ ಕಂಪ್ಲೇಂಟ್ ಕೊಡೋಕೆ ಶುಕ್ರವಾರ ವಕೀಲರ ಹತ್ರ ಹೋಗ್ತಿದೀಯ, ಬಾಗಿಲನ್ನ ಅವನೇ ಬದಲಾಯಿಸಿದ ಅನ್ನೋದಕ್ಕೆ ಹಳೇ ಪತ್ರ, ಮೆಸೇಜು ಏನಿದ್ರೂ ಹುಡುಕಿ ಕಳಿಸು ಅಂದೆ. ಅವನ ಜೊತೆ ವ್ಯವಹಾರ ಎಲ್ಲ ಮಾಡಿದ್ದು ನಾನೇ ಆದ್ದರಿಂದ ನನ್ನನ್ನೇ ಕೇಳ್ಬೇಕಲ್ಲ. ಹುಡುಕ್ತಿದೀನಿ. ಮನೆಯವರೇ ಹೇಳಿದ್ರು ಅಂತ ಅವನು ಅಂದ, ಯಾರು ಹೇಳಿದ್ದು ಅಂದ್ರೆ ತಲೆ ತಗ್ಗಿಸ್ತಾನೆ, ಸುಳ್ಳ ಅಂತ ನೀನು ಹೇಳಿದೆ. ದಿನಾ ಬೆಳಗ್ಗೆ ಬಂದು ಅವನು ಹೊಸಲಲ್ಲಿ ಅವರ ಪದ್ಧತಿಯಂತೆ ಎಲೆದೊನ್ನೇಲಿ ಹೂವಿಟ್ಟು ಹೋಗೋದು, ನೀನು ಪೊರಕೇಲಿ ಗುಡಿಸಿ ಹಾಕೋದು, ಅದನ್ನೂ ಅಭಿನಂದನ್ ಹೇಳಿದ.

ನಿಜ ಹೇಳ್ಬೇಕು ಅಂದ್ರೆ ಇದೆಲ್ಲ ಶುರುವಾಗಿದ್ದು ಭಾವನ ನೀಲಿ ಸೀಮೆಸುಣ್ಣದಿಂದ. ಮೂವತ್ನಾಲ್ಕು ವರ್ಷ ಭೂಗೋಳದ ಮೇಷ್ಟ್ರು, ಮಕ್ಕಳಿಗೆ ಬೋರ್ಡ್ ಮೇಲೆ ಭೂಮಧ್ಯರೇಖೆ ಎಳೆದೂ ಎಳೆದೂ, ಒಂದ್ಸಲ ಅದನ್ನ ದಾಟಿ ಆಕಡೆ ಮನೆ ಮಾಡ್ಕೊಂಡು ಇರ್ಬೇಕು ಅನ್ನೋ ಹುಚ್ಚು. ರಿಟೈರ್ ಆದೋರು ಗಾಂಧಿ ಬಜಾರಲ್ಲಿ ಕಾಫಿ ಕುಡ್ಕೊಂಡು ಇರ್ತಾರೆ, ನಮ್ಮ ದೊರೆಸ್ವಾಮಿ ಭಾವ ಬಸವನಗುಡಿ ಮನೆ ಮಾರಿ ಬಾಲಿಗೆ ಹೊರಟ್ರು. ಅಲ್ಲಿ ಹೊರಗಿನೋರಿಗೆ ಜಾಗ ಬರೆದುಕೊಡಲ್ಲ, ಮೂವತ್ತು ವರ್ಷಕ್ಕೆ ಲೀಸು ಮಾತ್ರ ಅಂದಾಗ ನಮ್ಮನೆಯವಳು ಚೂಡಾಮಣಿ ಗಾಬರಿ ಆದ್ಲು. ಭಾವ ಹೇಳಿದ್ದು ನೆನಪಿದೆಯಾ? "ನನಗೀಗ ಅರವತ್ತಾರು. ಲೀಸು ಮುಗಿಯೋ ಹೊತ್ತಿಗೆ ನಾನೇ ಖಾಲಿ ಮಾಡಿರ್ತೀನಮ್ಮಾ." ನೀನು ಸೌಟಲ್ಲಿ ಹೊಡೆಯೋಕೆ ಹೋದೆ. ಎರಡು ವರ್ಷಾನೂ ತುಂಬಲಿಲ್ಲ.

ಕೆತುತ್ ಕಳಿಸಿದ ಮೊದಲನೇ ಪ್ಲಾನ್ ನನ್ನ ಕಣ್ಣಲ್ಲೇ ಇದೆ. ದಕ್ಷಿಣಕ್ಕೆ ರಸ್ತೆ, ರಸ್ತೆ ದಾಟಿದ್ರೆ ಸಮುದ್ರ, ಅದಕ್ಕೇ ಬಾಗಿಲೂ ದಕ್ಷಿಣಕ್ಕೆ. ನೀನು ಹೊಸಲ ಮೇಲೆ ಕೂತು ಹೂ ಕಟ್ತಾ ಸಮುದ್ರ ನೋಡ್ತೀನಿ ಅಂದೆ. ನಾನು, ದಕ್ಷಿಣದ ಬಾಗಿಲಾ, ಯಮನ ದಿಕ್ಕು, ಒಂದ್ಸಲ ಯಾರಿಗಾದ್ರೂ ತೋರ್ಸೋಣ ಅಂದೆ. ಭಾವ ಗ್ಲೋಬ್ ತಂದು ನನ್ನ ಮುಂದೆ ತಿರುಗಿಸಿ, "ಅಲ್ಲಿ ಸೂರ್ಯ ಉತ್ತರದ ಕಡೆಯಿಂದ ಹೋಗ್ತಾನೆ ಕಣಯ್ಯಾ. ನಿನ್ನ ವಾಸ್ತುಗೆ ಭೂಮಧ್ಯರೇಖೆ ದಾಟೋಕೆ ವೀಸಾ ಸಿಗಲ್ಲ" ಅಂದ್ರು. ಎಲ್ಲರೂ ನಕ್ರಿ. ನಾನೂ ನಕ್ಕೆ. ನಾವು ಹುಟ್ಟಿ ಬೆಳೆದ ಚಾಮರಾಜಪೇಟೆ ಮನೆ ಬಾಗಿಲೂ ದಕ್ಷಿಣಕ್ಕೇ ಅಲ್ವಾ, ಅಪ್ಪ ಎಂಬತ್ತೆಂಟು ವರ್ಷ ಬದುಕಿದ್ರು. ಅದನ್ನ ಒಬ್ಬ ಜೋಯಿಸರಿಗೆ ಹೇಳಿದ್ದಕ್ಕೆ, ಅದು ಬಾಡಿಗೆ ಮನೆ, ದೋಷ ಓನರಿಗೆ ಅಂದ್ರು.

ಆಮೇಲೆ ಎರಡನೇ ಪ್ಲಾನ್ ಬಂತು. ಬಾಗಿಲು ಪೂರ್ವಕ್ಕೆ, ದಕ್ಷಿಣಕ್ಕೆ ಅಡುಗೆಮನೆ, ಬಚ್ಚಲು, ಗೋಡೆ. ಭಾವನಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು, ನೀನು ಡ್ರಾಪ್ಸ್ ಹಾಕ್ತಾ ಇದ್ದೆ. ಏನೋ ಚಿಕ್ಕ ಬದಲಾವಣೆ ಅಂತೆ, ಇಲ್ಲಿ ಸೈನ್ ಹಾಕಕ್ಕಾ ಅಂದೆ. ನೀನು ಸೆರಗಲ್ಲಿ ಕೈ ಒರೆಸ್ಕೊಂಡು ಹಾಕಿದೆ. ಬೆರಳಿಟ್ಟು ಓದು ಅಂತ ನಾನು ಹೇಳ್ಲಿಲ್ಲ. ಊರಿನ ಗಿರಾಕಿಗೆಲ್ಲ ಹೇಳೋನು, ನಿನಗೆ ಹೇಳ್ಲಿಲ್ಲ.

ಪೂರ್ವಕ್ಕಿದ್ದಿದ್ದು ಪಕ್ಕದೋನ ತೆಂಗಿನ ತೋಟ. ಓಡಾಡ್ಕೊಳ್ಳಿ ಅಂತ ಅವನು ಬಾಯಿಮಾತಲ್ಲಿ ಬಿಟ್ಟಿದ್ದ, ಅದಕ್ಕೇ ಮನೆಗೆ ಹೋದಾಗ ಬಾಗಿಲು ತಿರುಗಿದ್ದು ನೋಡಿಯೂ ನೀವು ಗಲಾಟೆ ಮಾಡ್ಲಿಲ್ಲ. ಈ ವರ್ಷ ತೋಟಾನ ಹೋಟೆಲ್ ಕಟ್ಟೋರಿಗೆ ಕೊಟ್ಟ, ಅವರು ನಿನ್ನ ಬಾಗಿಲಿಗೆ ಎರಡಡಿ ಬಿಟ್ಟು ಆಳೆತ್ತರ ಗೋಡೆ ಎಬ್ಬಿಸಿದ್ರು. ಅದರಲ್ಲಿ ಅವರದ್ದೇನು ತಪ್ಪು ಹೇಳು, ಜಾಗ ಅವರದ್ದು. ಆವತ್ತು ಬೆಳಗ್ಗೆ ಭಾವನಿಗೆ ಎದೆನೋವು ಬಂದಾಗ ಆಂಬ್ಯುಲೆನ್ಸ್ ಹತ್ತೇ ನಿಮಿಷಕ್ಕೆ ರಸ್ತೆಗೆ ಬಂದಿತ್ತಂತೆ. ಸ್ಟ್ರೆಚರ್ ಆ ಸಂದೀಲಿ ತಿರುಗಲಿಲ್ಲ. ಕಿಟಕಿಗೆಲ್ಲ ಬೆಂಗಳೂರು ಥರ ಗ್ರಿಲ್ ಬೇಕು ಅಂತ ಹಾಕಿಸಿದ್ವಿ. ಕೊನೆಗೆ ಊಟದ ಕುರ್ಚೀಲಿ ಕೂರಿಸಿ, ಗೋಡೆ ಮೇಲಿಂದ ದಾಟಿಸಿ ತಗೊಂಡು ಹೋಗೋಕೆ ಮುಕ್ಕಾಲು ಗಂಟೆ. ರಸ್ತೆ ಮುಟ್ಟೋ ಹೊತ್ತಿಗೆ ಮುಗಿದಿತ್ತು. ಇದನ್ನೆಲ್ಲ ಅಭಿನಂದನ್ ಪಶ್ಚಿಮವಾಹಿನೀಲಿ ಅಸ್ಥಿ ಬಿಟ್ಟು ಬರೋವಾಗ ಕಾರಲ್ಲಿ ಹೇಳಿದ. ದೊಡ್ಡಪ್ಪನ್ನ ಕುರ್ಚೀಲಿ ಎತ್ತಿಕೊಂಡೋರಲ್ಲಿ ಮುಂದಿದ್ದೋನು ಕೆತುತ್ ಅಂತೆ.

ವೈಕುಂಠ ಸಮಾರಾಧನೆ ದಿನ ಫೋನ್ ಸ್ಟ್ಯಾಂಡಿಗಿಟ್ಟು ನಿನಗೆ ತೋರಿಸ್ತಾ ಇದ್ವಲ್ಲ, ಆಗ ನೀನು ಭಾವನ ಫೋಟೋ ನೋಡ್ಲಿಲ್ಲ, ನನ್ನನ್ನೇ ನೋಡ್ತಿದ್ದೆ ಅನ್ನಿಸ್ತು. ನನ್ನ ಭ್ರಮೆ ಇರ್ಬಹುದು. ಕೇಸ್ ಗೆದ್ದ ಮೇಲೇ ಬರ್ತೀನಿ ಅಂತೀಯ. ದಕ್ಷಿಣದ ಗೋಡೆ ನಾನೇ ಒಡೆದು ಬಾಗಿಲು ಇಟ್ಟುಕೊಡ್ತೀನಿ, ಒಂದು ರೂಪಾಯಿ ಬೇಡ ಅಂತ ಕೆತುತ್ ಬಂದ್ರೆ, ಮುಟ್ಟಿದ್ರೆ ಕೈ ಮುರೀತೀನಿ ಅಂದೆಯಂತೆ. ಅಕ್ಕಾ, ನಿನಗೆ ಅರವತ್ತೆರಡು. ಆ ಮಂಡಿ ಇಟ್ಟುಕೊಂಡು ಆ ಸಂದೀಲಿ ನೀನು ಬಿದ್ರೆ ನಿನ್ನನ್ನೂ ಕುರ್ಚೀಲೇ ದಾಟಿಸ್ಬೇಕು.

ಚೂಡಾಮಣಿ ನಮಸ್ಕಾರ ಹೇಳಿದ್ದಾಳೆ. ನಡುಮನೆ ಪಕ್ಕದ ರೂಮು ಖಾಲಿ ಮಾಡಿದೀವಿ, ನಿನ್ನ ಹಳೇ ಮಂಚಾನೂ ಅಟ್ಟದಿಂದ ಇಳಿಸಿದೀವಿ. ಯಾವತ್ತು ಬಂದ್ರೂ ಸರಿ. ನಿನ್ನ ಕಾಲಿಗೆ ನಮಸ್ಕಾರ.

ನಿನ್ನ ತಮ್ಮ,
ಆತ್ರೇಯ

ಇನ್ನೊಂದು ಮಾತು. ಇದನ್ನ ಬೇಗ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮತ್ತೆ ಸುತ್ತಾಡ್ಸ್ತೀನಿ. ನೀನು ಕೇಳಿದ ಸಾಕ್ಷಿ ಸಿಕ್ಕಿದೆ, ಅಥವಾ ಯಾವತ್ತೂ ಕಳೆದೇ ಇರ್ಲಿಲ್ಲ. ಇದರ ಕೆಳಗೆ ಕಳಿಸ್ತಿದೀನಿ. ನಿಮ್ಮ ಬಸವನಗುಡಿ ಮನೆ ವರಾಂಡದಲ್ಲಿ ನಿಂತು ನಾನು ನನ್ನ ಹರಕು ಇಂಗ್ಲಿಷಲ್ಲಿ ಕೆತುತ್‌ಗೆ ಕಳಿಸಿದ ವಾಯ್ಸ್ ನೋಟು, ನಲವತ್ತೊಂದು ಸೆಕೆಂಡ್. ಯಜಮಾನನಿಗೆ ಆಗಿಬರಲ್ಲ ಅಂತ ಜೋಯಿಸರು ಹೇಳಿದ್ರು, ಭಾವನ ಜೀವಕ್ಕೆ ಹೆದರಿದೆ, ಬಾಗಿಲು ಪೂರ್ವಕ್ಕೆ ತಿರುಗಿಸು, ನಾನು ಹೇಳಿದ್ದು ಅಂತ ಯಾರಿಗೂ ಹೇಳ್ಬೇಡ ಅಂದೆ. ಅವನು ಇವತ್ತಿನವರೆಗೂ ಹೇಳಿಲ್ಲ. ವಕೀಲರಿಗೆ ಇದನ್ನೇ ಕೊಡು, ನನ್ನ ಹೆಸರೇ ಬರೆಸು. ಅವನಿಗೆ ಆ ಗೋಡೆ ಒಡೆಯೋಕೆ ಬಿಡು. ಇಷ್ಟು ದಿನ ಇದನ್ನ ಅಳಿಸಿ ಹಾಕೋಕೆ ಹತ್ತು ಸಲ ಕೈ ಹೋಯ್ತು, ಆಗ್ಲಿಲ್ಲ. ಕೊನೇಲಿ ಒಳಗಿಂದ ಭಾವನ ದನಿ ಇದೆ ಅಕ್ಕಾ. "ಆತ್ರೇಯ ಹೊರಟನೇನೇ? ಕಾಫಿ ಕುಡ್ಕೊಂಡು ಹೋಗು ಅನ್ನು" ಅಂತಿದ್ದಾರೆ. ಅವರ ದನಿ ನನ್ನ ಹತ್ರ ಇರೋದು ಇದೊಂದೇ.