ಮೊದಲು ಪ್ರಶ್ನೆ ಓದಬೇಕು

ಅಲ್ ಮನ್ಸೂರಾ, ದೋಹಾ
೮ ಜೂನ್ ೨೦೦೭, ಶುಕ್ರವಾರ
ಬೆಳಿಗ್ಗೆ ಹತ್ತು ಗಂಟೆ

ಮಗಳು ಉರ್ಸುಲಾಳಿಗೆ,

ಹೇಗಿದ್ದೀ? ಹುಬ್ಬಳ್ಳಿಯ ಧೂಳಿಗೆ ನಿನ್ನ ಉಬ್ಬಸ ಹೆಚ್ಚಾಗಿದೆ ಎಂದು ಹೆನ್ರಿ ಹೇಳಿದ. ಮಾತ್ರೆ ತಪ್ಪಿಸಬೇಡ, ತಣ್ಣೀರಿನಲ್ಲಿ ತಲೆ ತೊಳೆಯಬೇಡ. ನನ್ನ ಮಂಡಿ ನೋವು ಹಾಗೆಯೇ ಇದೆ. ಆರು ವರ್ಷದ ಮೇಲೆ ಬರೆಯುತ್ತಿದ್ದಾಳೆ, ಅಮ್ಮನ ಸಿಟ್ಟು ಇಳಿದಿರಬೇಕು ಎಂದುಕೊಳ್ಳಬೇಡ. ಕೊಂಕಣಿಯಲ್ಲಿ ಬರೆದರೆ ಮೂರನೆಯ ಸಾಲಿಗೇ ಜಗಳವಾಗುತ್ತದೆ, ಅದಕ್ಕೆ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂಬತ್ತು ವರ್ಷ ಸಿಸ್ಟರ್ ಆಗಿದ್ದವಳು ಒಂದು ದಿನ ಕಾನ್ವೆಂಟ್ ಬಿಟ್ಟು ಹೊರಟರೆ, ಶಿರ್ವದ ಇಗರ್ಜಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ತಾಯಿ ಮರುದಿನ ಎಲ್ಲಿ ಕೂರಬೇಕು? ನೀನು ಅದನ್ನು ಯೋಚಿಸಲಿಲ್ಲ. ನನ್ನ ಒತ್ತಾಯಕ್ಕೆ ಕಾನ್ವೆಂಟಿಗೆ ಸೇರಿದೆ ಎಂದು ಬೇರೆ ಬರೆದೆ. ಆ ಪತ್ರ ನನ್ನ ಜಪದ ಪುಸ್ತಕದಲ್ಲೇ ಇದೆ. ಸಾಕ್ಷಿಗಿರಲಿ ಎಂದು ಇಲ್ಲಿಗೂ ತಂದಿದ್ದೇನೆ.

ಜುಲೈ ಹನ್ನೆರಡಕ್ಕೆ ನಾವೆಲ್ಲ ಊರಿಗೆ ಹೊರಡುತ್ತೇವೆ. ನಿನ್ನನ್ನು ಶಿರ್ವದ ಮನೆಗೆ ಕರೆಯಲೇ ಎಂದು ಹೆನ್ರಿ ಮೂರು ಸಲ ಕೇಳಿದ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಇವತ್ತು ಶುಕ್ರವಾರದ ಪೂಜೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಮತ್ತೆ ಕೇಳಿದ. ರೀಮಾ ಅವನ ಅಂಗಿ ಎಳೆದು ಕರೆದುಕೊಂಡು ಹೋದಳು. ಸೊಸೆಗೆ ನನ್ನ ಮುಖ ಓದಲು ಬರುತ್ತದೆ, ಮಗನಿಗೆ ಬರುವುದಿಲ್ಲ. ನಾನು ಮಂಡಿಯ ನೆಪ ಹೇಳಿ ಮನೆಯಲ್ಲಿ ಉಳಿದೆ. ನಿಜ ಹೇಳಬೇಕೆಂದರೆ ಇವತ್ತು ಯುನ್‌ಗೆ ಇಂಗ್ಲಿಷ್ ಪರೀಕ್ಷೆ. ಚೀನಾದಲ್ಲಿ ಈಗ ಮಧ್ಯಾಹ್ನ ಮೂರು. ಪ್ರಶ್ನೆಪತ್ರಿಕೆ ಕೈಗೆ ಬಂದಿರುತ್ತದೆ.

ಯುನ್ ಯಾರೆಂದು ನಿನಗೆ ಗೊತ್ತಿಲ್ಲ. ನಮ್ಮ ಕೆಳಗಿನ ಮನೆಯ ಚೀನೀ ಸರ್ವೇಯರನ ಮಗಳು, ಹದಿನೆಂಟರ ಹುಡುಗಿ. ಅವಳ ತಾಯಿಗೆ ಇಲ್ಲಿ ದೊಡ್ಡ ಆಪರೇಷನ್ ಆಯಿತು. ನೋಡಿಕೊಳ್ಳಲು ಅಕ್ಟೋಬರಿನಲ್ಲಿ ಬಂದವಳು ಫೆಬ್ರವರಿ ತನಕ ಇದ್ದಳು. ಕಾಲೇಜಿಗೆ ಸೇರುವ ಪರೀಕ್ಷೆಯ ವರ್ಷದಲ್ಲಿ ಐದು ತಿಂಗಳು ಶಾಲೆಯಿಲ್ಲ. ಅವರಲ್ಲಿ ಆ ಒಂದು ಪರೀಕ್ಷೆಯಿಂದಲೇ ಎಲ್ಲ ತೀರ್ಮಾನವಂತೆ. ಉಳಿದ ಪಾಠ ತಾನೇ ಓದಿಕೊಳ್ಳುತ್ತಾಳೆ, ಇಂಗ್ಲಿಷಿನ ಪ್ಯಾಸೇಜ್ ಓದಿ ಉತ್ತರ ಗುರುತಿಸುವುದು ಮಾತ್ರ ಅವಳಿಗೆ ಕಬ್ಬಿಣದ ಕಡಲೆ. ಅದೊಂದಕ್ಕೇ ನಲವತ್ತು ಅಂಕ. ರೀಮಾ ಲಿಫ್ಟಿನಲ್ಲಿ ಮಾತಾಡಿಸಿ, ನಮ್ಮ ಅತ್ತೆ ಇದ್ದಾರೆ ಎಂದು ಹೇಳಿ ಕಳುಹಿಸಿದಳು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಅರವತ್ತೆಂಟು ತೆಗೆದವಳು, ಆ ವರ್ಷ ಶಾಲೆಗೇ ಹೆಚ್ಚು. ಒಪ್ಪಿಕೊಂಡೆ.

ಸಂಜೆ ನಾಲ್ಕಕ್ಕೆ ಬರುತ್ತಿದ್ದಳು, ಒಂದು ನಿಮಿಷ ಆಚೆ ಈಚೆ ಇಲ್ಲ. ನನ್ನನ್ನು ನೈನೈ ಎನ್ನುತ್ತಿದ್ದಳು, ಅಜ್ಜಿ ಎಂದು ಅರ್ಥವಂತೆ. ಒಂದು ಪ್ಯಾಸೇಜ್ ಮುಗಿದರೆ ಪೆನ್ಸಿಲ್ ಕೆಳಗಿಟ್ಟು "ಖಲಾಸ್!" ಎನ್ನುವಳು, ವಾಚ್‌ಮನ್ ಕಲಿಸಿದ್ದು. ಹೆನ್ರಿಗೆ ಅದೇ ತಮಾಷೆ. "ಮಾಯ್, ಪರೀಕ್ಷೆ ಅವಳಿಗೋ ನಿನಗೋ? ನಿನಗೂ ಚೀನಾಕ್ಕೆ ಒಂದು ಟಿಕೆಟ್ ಮಾಡಲೇ?" ಎಂದು ದಿನಾ ಕೆಣಕುತ್ತಿದ್ದ. ನನಗೆ ಸರಿಬಾರದೆ ಇದ್ದದ್ದು ಅವಳು ಓದುವ ರೀತಿ. ಪ್ಯಾಸೇಜ್ ಬಿಟ್ಟು ಮೊದಲು ಕೊನೆಗೆ ಹಾರಿ ಪ್ರಶ್ನೆ ಓದುವಳು, ಆಮೇಲೆ ಮೇಲಕ್ಕೆ ಬರುವಳು. ಅವಳ ಮೇಷ್ಟ್ರು ಹಾಗೆ ಕಲಿಸಿದ್ದಂತೆ. ಊಟಕ್ಕೆ ಕೂತು ಮೊದಲು ಮಜ್ಜಿಗೆ ಅನ್ನ ಉಂಡ ಹಾಗಾಯಿತು ಎಂದು ಬೈದೆ. ನಾವು ಮೊದಲ ಸಾಲಿನಿಂದ ಓದಿ ಬೆಳೆದವರು.

ಒಂದು ದಿನ ದೊಡ್ಡ ಜಗಳವೇ ಆಯಿತು. ಪ್ಯಾಸೇಜಿನಲ್ಲಿ ಒಬ್ಬ ಮುದುಕ, ಅವನ ತೋಟದಲ್ಲಿ ಹಣ್ಣಿನ ಮರ. ಪಕ್ಕದ ಮನೆಯ ವಿಧವೆ ಬೆಳಗಿನ ಜಾವ ಬಂದು ಹಣ್ಣು ಕದಿಯುತ್ತಾಳೆ. ಮುದುಕ ನೋಡುತ್ತಾನೆ. ಮರುದಿನ ಮರಕ್ಕೆ ಒಂದು ಏಣಿ ಒರಗಿಸಿ ಇಡುತ್ತಾನೆ. ಯಾಕೆ ಇಟ್ಟ, ಇದು ಪ್ರಶ್ನೆ. ನಾಲ್ಕು ಉತ್ತರ ಕೊಟ್ಟಿದ್ದರು. ಕಳ್ಳಿಯನ್ನು ಕೈಯಾರೆ ಹಿಡಿಯಲು ಎಂಬುದನ್ನು ನಾನು ಗುರುತು ಹಾಕಿಸಿದೆ. ಅವಳು ಬೀಳದೆ ಇರಲಿ ಎಂದು, ಇದು ಪುಸ್ತಕದ ಉತ್ತರ. ನಿಮ್ಮ ಪುಸ್ತಕವೇ ತಪ್ಪು, ಕಳ್ಳರಿಗೆ ಯಾರಾದರೂ ಏಣಿ ಇಡುತ್ತಾರೆಯೇ ಎಂದೆ. ಆ ಪಿಳ್ಳೆ ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು. ವಿಧವೆಯ ಕಾಲು ಜಾರಿದ್ದನ್ನು ಮುದುಕ ಕಿಟಕಿಯಿಂದ ಕಂಡ ಎಂದು ಅಲ್ಲಿ ಬರೆದಿತ್ತು. "ಹಿಡಿಯಲು" ಎಂಬುದು ಎಲ್ಲಿದೆ ತೋರಿಸಿ ಎಂದಳು. ನಾನು ಹುಡುಕಿದೆ, ಸಿಗಲಿಲ್ಲ. "ನೈನೈ, ನಾಟ್ ಇನ್ ಪೇಪರ್. ಓನ್ಲಿ ಇನ್ ಯುವರ್ ಹೆಡ್," ಎಂದುಬಿಟ್ಟಳು. ಅರವತ್ತಾರು ವರ್ಷದಲ್ಲಿ ನನಗೆ ಹಾಗೆ ಹೇಳಿದವರಿಲ್ಲ. ಎರಡು ದಿನ ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ಕಿತ್ತಳೆ ಹಣ್ಣು ಹಿಡಿದು ನಿಂತಿದ್ದಳು, ಪುಸ್ತಕ ಕಂಕುಳಲ್ಲಿ. ಒಳಗೆ ಬಿಟ್ಟೆ. ಪಾಠ ನಿಲ್ಲಬಾರದಲ್ಲ.

ಗಡಿಯಾರ ಹತ್ತೂವರೆ ತೋರಿಸುತ್ತಿದೆ. ಕೇಳಿ ಉತ್ತರಿಸುವ ಭಾಗ ಮುಗಿದಿರಬೇಕು. ಎರಡು ಸಲ ಎದ್ದು ಕಿಟಕಿಗೆ ಹೋಗಿ ಬಂದೆ. ಹೊರಗೆ ಬಿಸಿಲು ಬಿಟ್ಟು ಏನೂ ಇಲ್ಲ, ಶುಕ್ರವಾರವೆಂದು ಹೋಟೆಲುಗಳೂ ಬಾಗಿಲು ಹಾಕಿವೆ. ಅಕ್ಕಿ ಆರಿಸಲು ಕೂತೆ, ಆರಿಸಿದ್ದನ್ನೇ ಮತ್ತೆ ಆರಿಸಿದೆ. ನೀನು ಪರೀಕ್ಷೆ ಬರೆಯುವಾಗಲೂ ನನಗೆ ಹೀಗೆಯೇ ಆಗುತ್ತಿತ್ತು. ನಿನಗೆ ಅದು ತಿಳಿಯದ ಹಾಗೆ ನೋಡಿಕೊಂಡಿದ್ದೆ. ಹೊರಡುವ ದಿನ ಯುನ್‌ಗೆ ಜಪಸರ ಕೊಡಲು ಹೋದೆ, ಅವರಿಗೆ ಅದೆಲ್ಲ ಇಲ್ಲ ಎಂದು ನೆನಪಾಗಿ ನನ್ನ ಪೆನ್ನು ಕೊಟ್ಟೆ. ಗೊತ್ತಿಲ್ಲದಿದ್ದರೂ ಒಂದು ಉತ್ತರ ಬರೆ, ಖಾಲಿ ಬಿಡಬೇಡ ಎಂದು ಹೇಳಲು ಬಾಯಿ ತೆರೆದರೆ, ಅವಳೇ ಅದನ್ನು ನನಗೆ ಹೇಳಿದಳು.

ಈಗ ಹನ್ನೊಂದು. ಪ್ಯಾಸೇಜಿಗೆ ಬಂದಿರುತ್ತಾಳೆ. ಕೂರಲಾಗುತ್ತಿಲ್ಲ, ಜಪ ಮಾಡುತ್ತೇನೆ. ನಿನ್ನನ್ನು ಕರೆಯುವ ವಿಷಯ ಹೆನ್ರಿ ಬಂದ ಮೇಲೆ ಯೋಚಿಸೋಣ. ಹೆನ್ರಿ, ರೀಮಾ ನಿನ್ನನ್ನು ಕೇಳಿದ್ದಾರೆ. ದೇವರು ನಿನ್ನ ಎದೆಗೆ ಉಸಿರು ಕೊಡಲಿ.

ಇಂತು ನಿನ್ನ ತಾಯಿ,
ಅಪೊಲಿನ್ ಮೆನೇಜಸ್

ತಾ.ಕ.: ಹನ್ನೆರಡು ಹೊಡೆಯಿತು. ಅವಳದು ಖಲಾಸ್. ಜಪದ ಪುಸ್ತಕ ತೆರೆದಾಗ ನಿನ್ನ ಪತ್ರ ಕೈಗೆ ಬಂತು. ಅದರಲ್ಲಿ ನಾಲ್ಕು ಪುಟ. ಅಂದು ನಾನು ಓದಿದ್ದು ಎರಡು. ಕಾನ್ವೆಂಟ್ ಬಿಟ್ಟೆ ಎಂಬಲ್ಲಿಗೆ ಮಡಚಿಟ್ಟಿದ್ದೆ. ಇದನ್ನು ಹೆನ್ರಿಗೆ ಹೇಳಬೇಡ. ಇವತ್ತು ಆ ಹುಡುಗಿಯ ಹಾಗೆ ಕೊನೆಯಿಂದ ಶುರುಮಾಡಿದೆ. ಇಡೀ ಪತ್ರದಲ್ಲಿ ಒಂದೇ ಪ್ರಶ್ನೆ, ಕೊನೆಯ ಸಾಲಿನಲ್ಲಿ. "ಕ್ರಿಸ್ಮಸ್‌ಗೆ ಮನೆಗೆ ಬರಲೇ, ಮಾಯ್?" ಆರು ಕ್ರಿಸ್ಮಸ್ ಆಯಿತು. ಆಮೇಲೆ ಮೇಲಿನಿಂದ ಓದಿದೆ. ನನ್ನ ಒತ್ತಾಯ ಎಂಬ ಮಾತನ್ನು ನಾಲ್ಕೂ ಪುಟದಲ್ಲಿ ಹುಡುಕಿದೆ. ಪೇಪರಿನಲ್ಲಿ ಇಲ್ಲ. ಶಿರ್ವದ ಮನೆಯ ಬೀಗದ ಕೈ ಪಕ್ಕದ ಮನೆಯ ಹಸನಬ್ಬರ ಹತ್ತಿರ ಇದೆ. ನಿನ್ನ ಕೈಯಲ್ಲಿ ಕೊಡಲು ಈಗಲೇ ಫೋನ್ ಮಾಡುತ್ತೇನೆ. ನಾವು ಬರುವುದರೊಳಗೆ ನೀನು ಹೋಗಿ ಕಿಟಕಿಗಳನ್ನು ತೆರೆದಿಡು. ಧೂಳು ಮಾತ್ರ ನೀನು ಗುಡಿಸಬೇಡ, ಉಬ್ಬಸ ಎದ್ದೀತು. ನಾನು ಬಂದು ಗುಡಿಸುತ್ತೇನೆ. ಮಾಯ್.